ನೀರುಗಾಡಿಗೆ ದೊಡ್ಡ ಎಂಜಿನ್

ನಮ್ಮ ಮನೆಯ ಗರಾಜಿನಲ್ಲಿ ನನ್ನ ಕಾರಿಗೆ ಜಾಗವಿಲ್ಲ. ಮೆಲ್ಬೋರ್ನಿನ ಅಂಚಿನ ಕ್ಲೈಡ್ ನಾರ್ತ್‌ನ ಬಿಸಿಲು, ಆಲಿಕಲ್ಲು, ಇನ್ನೂ ಮನೆಯೇಳದ ಪಕ್ಕದ ಸೈಟಿನ ಧೂಳು ಎಲ್ಲವನ್ನೂ ಮೈಮೇಲೆ ಹಾಕಿಕೊಂಡು ಅದು ಡ್ರೈವ್‌ವೇನಲ್ಲಿ ನಿಂತಿರುತ್ತದೆ. ಒಳಗೆ, ನೆರಳಲ್ಲಿ, ಮನೆ ಅಳಿಯನ ಹಾಗೆ ಕೂತಿರುವುದು ಆರು ಚಕ್ರದ ಒಂದು ಗಾಡಿ. ಮೈ ಹಸಿರು ಪ್ಲಾಸ್ಟಿಕ್. ಮೇಲೆ ಸೂರಿಲ್ಲ, ಪಕ್ಕದಲ್ಲಿ ಬಾಗಿಲಿಲ್ಲ. ಕೆಸರಲ್ಲೂ ಓಡುತ್ತದೆ, ನೀರಿಗೆ ಬಿಟ್ಟರೆ ತೇಲುತ್ತದೆ. ಉಬ್ಬಿದ ಟೈರುಗಳೇ ಹುಟ್ಟು ಹಾಕಿದ ಹಾಗೆ ತಿರುಗಿ ಅದನ್ನು ಮುಂದಕ್ಕೆ ಒಯ್ಯುತ್ತವೆ. ಮೊದಲ ಸಲ ನೋಡಿದ ಪಕ್ಕದ ಬೀದಿಯ ಆಂಟಿ, "ಇದೇನ್ರೀ, ಬಾತ್‌ಟಬ್‌ಗೆ ಚಕ್ರ ಹಾಕ್ಸಿದೀರಾ?" ಎಂದು ಕೇಳಿದರು. ನಾನು ನಗಲಿಲ್ಲ. ಆ ಹೊತ್ತಿಗಾಗಲೇ ಈ ಗಾಡಿಯ ವಿಷಯದಲ್ಲಿ ನನಗೆ ನಗು ಬತ್ತಿಹೋಗಿತ್ತು.

ಇದು ನಮ್ಮ ಯಜಮಾನರ ಗಾಡಿ. ಇವರು ಮೈಸೂರಿನವರು, ಮೆಕ್ಯಾನಿಕಲ್ ಎಂಜಿನಿಯರ್. ಡ್ಯಾಂಡಿನಾಂಗ್‌ನ ಒಂದು ಪ್ಯಾಕಿಂಗ್ ಕಾರ್ಖಾನೆಯಲ್ಲಿ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದರು. ಕೆಲವು ವರ್ಷಗಳ ಹಿಂದೆ ಮನೆಯ ಸೂರಂಚಿನ ಗಟರ್‌ನಲ್ಲಿ ಸಿಕ್ಕಿಕೊಂಡ ಎಲೆ ತೆಗೆಯುತ್ತೇನೆಂದು ಏಣಿ ಹತ್ತಿದವರು ಬಿದ್ದರು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಶಕ್ತಿ ಹೋಯಿತು. ಕೈಯಲ್ಲೇ ಓಡಿಸುವ ಕಾರುಗಳು ಇಲ್ಲಿ ಉಂಟಲ್ಲ ಎಂದು ಎಲ್ಲರೂ ಹೇಳುತ್ತಾರೆ. ಉಂಟು. ಆದರೆ ಇವರ ಕಾಲುಗಳು ಹೇಳದೆ ಕೇಳದೆ ಸೆಟೆದುಕೊಂಡು ಇಡೀ ಮೈಯನ್ನೇ ಎಳೆದುಬಿಡುತ್ತವೆ. ಹೈವೇಯಲ್ಲಿ ಅದಾದರೆ ಗತಿಯೇನು ಎಂದು ಡಾಕ್ಟರು ಲೈಸನ್ಸಿಗೆ ಒಪ್ಪಲಿಲ್ಲ. ಅಲ್ಲಿಂದ ಮುಂದೆ ಇವರು ಎಲ್ಲಿಗೆ ಹೋಗಬೇಕೆಂದರೂ ಡ್ರೈವರ್ ನಾನೇ.

ಅದನ್ನೂ ಇವರು ಹೇಗೋ ನುಂಗಿಕೊಂಡರು. ನುಂಗಲಾಗದೆ ಹೋದದ್ದು ತಳ್ಳಿಸಿಕೊಳ್ಳುವುದನ್ನು. ತಮ್ಮ ಗಾಲಿಕುರ್ಚಿಯನ್ನು ತಾವೇ ತಿರುಗಿಸಿಕೊಳ್ಳುತ್ತಾರೆ, ತೋಳು ಗಟ್ಟಿಯಿದೆ. ಆದರೆ ಜನರಿಗೆ ಕೈ ಸುಮ್ಮನಿರುವುದಿಲ್ಲ. ಶಾಪಿಂಗ್ ಸೆಂಟರಿನ ಇಳಿಜಾರು ಕಂಡರೆ ಯಾರೋ ಒಬ್ಬ "ಐ ಗಾಟ್ ಯು, ಮೇಟ್" ಎಂದು ಹಿಂದಿನಿಂದ ಹಿಡಿದು ತಳ್ಳುತ್ತಾನೆ. ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಹೋದರೆ ನಮ್ಮ ಅಂಕಲ್‌ಗಳು ಇನ್ನೂ ಮೇಲು. ಕೇಳುವುದಿರಲಿ, ಮಾತಾಡುತ್ತ ಮಾತಾಡುತ್ತಲೇ ಕುರ್ಚಿಯನ್ನು ಊಟದ ಸಾಲಿನ ತುದಿಗೆ ಒಯ್ದು ನಿಲ್ಲಿಸಿಬಿಡುತ್ತಾರೆ, ಇವರು ಹೋಗಬೇಕಾಗಿದ್ದುದು ಟಾಯ್ಲೆಟ್ಟಿಗೆ. ಆಗ ಇವರ ಮುಖ ಕಲ್ಲಿನ ಹಾಗಾಗುತ್ತದೆ. ಮನೆಗೆ ಬಂದ ಮೇಲೂ ಆ ಕಲ್ಲು ಕರಗಲು ಎರಡು ದಿನ ಬೇಕು.

ಹೀಗಿರುವಾಗ ಒಬ್ಬ ಸ್ನೇಹಿತರು ಈ ಗಾಡಿಯ ಆಸೆ ಹಚ್ಚಿದರು. ಆಸ್ಪತ್ರೆಯಲ್ಲಿ ಇವರಿಗೆ ವ್ಯಾಯಾಮ ಮಾಡಿಸುತ್ತಿದ್ದ ಫಿಸಿಯೋಥೆರಪಿಸ್ಟ್ ಅವರು, ಮಂಗಳೂರಿನ ಕಡೆಯ ಕ್ರಿಶ್ಚಿಯನ್ನರು. ಮನೆಯಲ್ಲಿ ಕೊಂಕಣಿ, ನಮ್ಮೊಡನೆ ಕನ್ನಡ. ಊರಿನ ಪಶ್ಚಿಮ ತುದಿಯ ವೆರಿಬೀ ದಾಟಿದ ಮೇಲೆ ಅವರಿಗೊಂದಿಷ್ಟು ಜಮೀನಿದೆ. ಅದರಲ್ಲಿ ಕುರಿ, ನಡುವೆ ಒಂದು ಡ್ಯಾಂ. ಇಲ್ಲಿ ಡ್ಯಾಂ ಎಂದರೆ ಕನ್ನಂಬಾಡಿ ಕಟ್ಟೆಯಲ್ಲ. ಕುರಿಗಳಿಗೆ ನೀರು ನಿಲ್ಲಲಿ ಎಂದು ತೋಡಿದ, ನಮ್ಮೂರಿನ ಕುಂಟೆಯಂಥ ಹೊಂಡ. "ಈ ಗಾಡಿಗೆ ಪೆಡಲ್ ಇಲ್ಲ ಮಾರಾಯ್ರೆ. ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದ್ರೆ ಆಯ್ತು. ಆ ಬದಿ ಎಳೆದ್ರೆ ಆ ಬದಿ, ಈ ಬದಿ ಎಳೆದ್ರೆ ಈ ಬದಿ. ನನ್ನ ಜಾಗದಲ್ಲಿ ಯಾರು ಲೈಸನ್ಸ್ ಕೇಳ್ತಾರೆ? ಕುರಿ ಕೇಳ್ತದಾ?" ಎಂದರು. ಇವರ ಕಣ್ಣಲ್ಲಿ ಬಂದ ಹೊಳಪು ನೋಡಿಯೇ ನನಗೆ ಗೊತ್ತಾಯಿತು, ನನ್ನ ಕಾರು ಇನ್ನು ಬಿಸಿಲಿಗೆ ಎಂದು.

ಮೊದಲ ದಿನ ಗಾಡಿ ನೀರಿಗಿಳಿದದ್ದು ನಿಜಕ್ಕೂ ಚೆಂದ. ಲೈಫ್ ಜಾಕೆಟ್ ತೊಟ್ಟು, ಕುರ್ಚಿಯಿಂದ ಹಲಗೆಯ ಮೇಲೆ ಜಾರಿ ಸೀಟಿಗೆ ಹೋಗಿ ಕೂತು, ಇವರೊಬ್ಬರೇ ಆ ಹೊಂಡದ ಮಧ್ಯಕ್ಕೆ ಹೋದರು. ಬಾತುಕೋಳಿಗಳು ಬೈದುಕೊಂಡು ಎದ್ದು ಹೋದವು. ಇವರು ಕೈಬೀಸಿದರು. ಅಷ್ಟರತನಕ ಸರಿ. ದಡ ಹತ್ತುವಾಗ ಶುರುವಾಯಿತು ಗ್ರಹಚಾರ. ಜಿಗುಟು ಮಣ್ಣಿನ ಏರು. ಮುಂದಿನ ಚಕ್ರಗಳು ಮಣ್ಣು ಕಚ್ಚಿದವು, ಎಂಜಿನ್ ಮುಕ್ಕಿರಿಯಿತು, ನರಳಿತು, ನಿಂತಿತು. ಗಾಡಿ ಮೆಲ್ಲಗೆ ಹಿಂದಕ್ಕೆ ಜಾರಿ ನೀರಿಗೆ ಬಿತ್ತು. ಮತ್ತೆ ಮಾಡಿದರು, ಮತ್ತೆ ಅದೇ. ಕೊನೆಗೆ ನಾನು, ಸ್ನೇಹಿತರು, ಸದ್ದು ಕೇಳಿ ಬೇಲಿ ದಾಟಿ ಬಂದ ಪಕ್ಕದ ಜಮೀನಿನ ಮುದುಕ, ಮೂವರೂ ಮೊಣಕಾಲುದ್ದ ಕೆಸರಿಗಿಳಿದು ಹಿಂದಿನಿಂದ ತಳ್ಳಿದೆವು. ಇವರು ಎದುರು ನೋಡುತ್ತ, ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು, ಅಲ್ಲಾಡದೆ ಕೂತಿದ್ದರು.

ವಾಪಸು ಬರುವಾಗ ವೆಸ್ಟ್ ಗೇಟ್ ಸೇತುವೆ ದಾಟಿದ ಮೇಲೆ ಇವರು ಅಂದರು: "ಎಂಜಿನ್ ಸಾಲ್ದು."

"ಸಾಲ್ದಿದ್ರೆ ಬಿಡಿ. ನೀರಿಗೆ ಇಳಿಯೋದೇ ಬೇಡ. ನೆಲದ ಮೇಲೆ ಓಡ್ಸಿ" ಎಂದೆ.

"ನೆಲದ ಮೇಲೆ ಕುರ್ಚೀನೂ ಓಡತ್ತೆ" ಎಂದರು. "ನಾನಾಗೇ ನೀರಿಗೆ ಇಳೀಬೇಕು, ನಾನಾಗೇ ದಡ ಹತ್ಬೇಕು. ಯಾರೂ ಮುಟ್ಟಬಾರ್ದು. ಒಂದು ಸಲ ಸಾಕು ನನಗೆ."

ಲೈಬ್ರರಿಯಲ್ಲಿ ಕೆಲಸ ಮಾಡುವವಳು ನಾನು. ದಿನವಿಡೀ ಪಿಸುಮಾತಾಡಿ, ಆ ಕೊರತೆಯನ್ನೆಲ್ಲ ಮನೆಯಲ್ಲಿ ತುಂಬಿಕೊಳ್ಳುವ ಬಾಯಿ ನನ್ನದು. ಆ ದಿನ ಮಾತ್ರ ಮನೆಗೆ ಬಂದವಳೇ ಕೆಸರಾದ ಬಟ್ಟೆ ತೊಳೆಯಲು ಕೂತೆ.

ಎಂಜಿನ್ ಸಾಲದು ಎಂಬ ವಾರ್ತೆ ಸಿಡ್ನಿಗೆ ತಲುಪಿತು. ಅಲ್ಲಿರುವುದು ನನ್ನ ಭಾವ, ಇವರ ಅಣ್ಣ. ಮೈಸೂರಿನ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಪಾಠ ಹೇಳಿ ನಿವೃತ್ತರಾಗಿ, ಮಗಳ ಜೊತೆ ವೆಂಟ್‌ವರ್ತ್‌ವಿಲ್‌ನಲ್ಲಿದ್ದಾರೆ. ಅಣ್ಣ ತಮ್ಮ ಇಬ್ಬರಿಗೂ ಮಾತಾಡಲು ಯಂತ್ರವೊಂದು ಬೇಕು. ಅದಿಲ್ಲದಿದ್ದರೆ "ಊಟ ಆಯ್ತಾ" ಎಂಬಲ್ಲಿಗೆ ಫೋನು ಮುಗಿಯುತ್ತದೆ. ಈಗ ಯಂತ್ರ ಸಿಕ್ಕಿತು. ಬೆಳಗ್ಗೆ ಕಾಫಿಗೆ ಮೊದಲೇ ಫೋನಿನ ಪರದೆಯ ತುಂಬ ಭಾವನ ಮೂಗು. ಇವರು ಒಂದು ಹೇಳಿದರೆ ಅವರು ಇನ್ನೊಂದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಮಾಡಿದವರು ಈ ಅಣ್ಣತಮ್ಮಂದಿರನ್ನು ಕಂಡೇ ಮಾಡಿರಬೇಕು.

ಅಂತೂ ಕೊನೆಗೆ ಒಪ್ಪಂದವಾಯಿತು. ದೊಡ್ಡ ಹುಲ್ಲುಹಾಸು ಕತ್ತರಿಸುವ ಸವಾರಿ ಯಂತ್ರದಿಂದ ತೆಗೆದ, ಎರಡು ಸಿಲಿಂಡರಿನ ಎಂಜಿನ್ ಒಂದನ್ನು ಭಾವ ಸಿಡ್ನಿಯಲ್ಲಿ ಹುಡುಕಿ ಹಿಡಿದರು. ಆದರೆ ದೊಡ್ಡ ಎಂಜಿನ್ನಿನ ಷಾಫ್ಟ್ ದಪ್ಪ. ಹಳೆಯ ಕ್ಲಚ್ಚು ಅದಕ್ಕೆ ಕೂರುವುದಿಲ್ಲ. ಹೊಸದು ಬೇಕು, ಅದೂ ಈ ಎಂಜಿನ್ನಿಗೆ ಹೊಂದುವಂಥದ್ದು. ಈ ಕ್ಲಚ್ಚಿನ ಬಗ್ಗೆ ನನಗೆ ಎಷ್ಟು ಸಲ ಪಾಠವಾಗಿದೆಯೆಂದರೆ ನಿದ್ದೆಯಲ್ಲೂ ಹೇಳಬಲ್ಲೆ. ಎರಡು ತಟ್ಟೆಗಳ ನಡುವೆ ಒಂದು ಬೆಲ್ಟು. ಎಂಜಿನ್ ಜೋರಾಗಿ ತಿರುಗಿದರೆ ತಟ್ಟೆಗಳು ಹತ್ತಿರ ಬಂದು ಬೆಲ್ಟನ್ನು ಅದುಮಿ ಹಿಡಿಯುತ್ತವೆ, ಗಾಡಿ ಚಲಿಸುತ್ತದೆ. ನಿಧಾನವಾದರೆ ಬಿಡುತ್ತವೆ, ಗಾಡಿ ನಿಲ್ಲುತ್ತದೆ. ಯಾವ ವೇಗದಲ್ಲಿ ಹಿಡಿಯಬೇಕು ಎಂಬುದನ್ನು ಒಳಗಿನ ಸ್ಪ್ರಿಂಗು ತೀರ್ಮಾನಿಸುತ್ತದೆ. ಎಲ್ಲವೂ ನಿಂತಿರುವುದು ಆ ಹಿಡಿತದ ಮೇಲೆ.

ಭಾವ ಕ್ಲಚ್ಚನ್ನೂ ತರಿಸಿ, ತಮ್ಮ ಗರಾಜಿನಲ್ಲೇ ಎಂಜಿನ್ನಿಗೆ ಜೋಡಿಸಿ, "ತಗೊಂಡ್ ಹೋಗಮ್ಮಾ" ಎಂದರು. ತೆಗೆದುಕೊಂಡು ಹೋಗಲು ನಾನು. ಮೆಲ್ಬೋರ್ನಿನಿಂದ ಸಿಡ್ನಿಗೆ ಇಡೀ ದಿನದ ದಾರಿ. ಇವರು ಪಕ್ಕದಲ್ಲಿ ಕೂತು ಹ್ಯೂಮ್ ಹೈವೇಯುದ್ದಕ್ಕೂ "ಆ ಟ್ರಕ್ಕಿನ ಹಿಂದೆ ಹೋಗ್ಬೇಡ", "ಎಂಬತ್ತಕ್ಕೆ ಇಳ್ಸು, ರೋಡ್‌ವರ್ಕ್" ಎಂದು ಹೇಳುತ್ತಲೇ ಇದ್ದರು. ಗುಂಡಗೈ ಎಂಬ ಊರಿನಲ್ಲಿ ಕಾರು ನಿಲ್ಲಿಸಿ, "ಇನ್ನೊಂದು ಮಾತಾಡಿದ್ರೆ ಇಲ್ಲೇ ಇಳಿಸಿ ಹೋಗ್ತೀನಿ" ಎಂದೆ. ದಸರಾ ಕಳೆದು ಒಂದು ವಾರವಾಗಿತ್ತಷ್ಟೆ. ಭಾವನ ಗರಾಜಿನಲ್ಲಿ ಎಂಜಿನ್ ಕುಂಕುಮವಿಟ್ಟುಕೊಂಡು ಬಾಡಿದ ಸೇವಂತಿಗೆ ಮುಡಿದುಕೊಂಡು ಕೂತಿತ್ತು. ಓರಗಿತ್ತಿ ಬಿಸಿಬೇಳೆಬಾತ್ ಬಡಿಸಿದರು. ಭಾವ ಬಡಿಸಿದ್ದು ಉಪದೇಶ.

"ಕ್ಲಚ್ ತಟ್ಟೆಗಳನ್ನ ಮುಟ್ಟೋಕೆ ಹೋಗ್ಬೇಡ ಕಣೋ. ನಾನೇ ಕೈಯಾರೆ ಒರೆಸಿ ಇಟ್ಟಿದೀನಿ. ಪರ್ಫೆಕ್ಟ್ ಆಗಿದೆ" ಎಂದು ಮೂರು ಸಲ ಹೇಳಿದರು. ಇವರು "ಸರಿ ಅಣ್ಣ" ಎಂದರು. ಐವತ್ತೈದು ದಾಟಿದ ಮನುಷ್ಯ, ಕಾರ್ಖಾನೆಯ ಯಂತ್ರಗಳನ್ನು ಆಳಿದವರು, ಅಣ್ಣ ಒಂದು ಮಾತು ಹೇಳಿದರೆ ಮುಗಿಯಿತು. ವಾದ ಮಾಡುತ್ತಾರೆ, ಕಿರುಚುತ್ತಾರೆ, ಆದರೆ ಅಣ್ಣ ಒರೆಸಿದ್ದನ್ನು ಮತ್ತೊಮ್ಮೆ ಒರೆಸುವುದಿಲ್ಲ. ಅವರ ಮನೆಯಲ್ಲಿ ಅದು ಮರ್ಯಾದೆ.

ಜೋಡಿಸುವ ಕೆಲಸದ ಬಗ್ಗೆ ಬರೆಯಲು ಕೂತರೆ ಈಗಲೂ ಮೈ ಉರಿಯುತ್ತದೆ. ಎಂಜಿನ್ ದೊಡ್ಡದು, ಗಾಡಿಯ ಹೊಟ್ಟೆ ಚಿಕ್ಕದು. ಮೂಗಿಗಿಂತ ಮೂಗುತಿ ಭಾರ. ಕೂರಿಸುವ ತೂತುಗಳು ಹೊಂದಲಿಲ್ಲ, ಹೊಸದು ಕೊರೆಯಬೇಕಾಯಿತು. ಎಂಜಿನ್ನಿನ ಚಕ್ರಕ್ಕೂ ಗೇರುಪೆಟ್ಟಿಗೆಯ ಚಕ್ರಕ್ಕೂ ಒಂದು ಕೂದಲು ಅಡ್ಡಾದಿಡ್ಡಿಯಾದರೂ ಬೆಲ್ಟು ಹರಿದುಹೋಗುತ್ತದಂತೆ. ಆದ್ದರಿಂದ ಇಳಿಸು, ಏರಿಸು, ಮತ್ತೆ ಇಳಿಸು. ಹೊಗೆ ಹೋಗುವ ಕೊಳವೆ ಪ್ಲಾಸ್ಟಿಕ್ ಮೈಗೆ ತಾಗುತ್ತದೆ ಎಂದು ಮಧ್ಯೆ ಒಂದು ತಗಡು ಬೇಕಾಯಿತು. ಆ ತಗಡನ್ನು ಎಲ್ಲೋ ನೋಡಿದ್ದೇನಲ್ಲ ಎಂದುಕೊಂಡೆ. ನನ್ನ ಕೇಕ್ ಬೇಯಿಸುವ ಟ್ರೇ.

"ಅದು ಹಳೇದು ಅಂತ..." ಎಂದರು.

"ಹಳೇದನ್ನೆಲ್ಲ ಕತ್ತರಿಸೋದಾದ್ರೆ ಮೊದ್ಲು ನಿಮ್ಮನ್ನ ಕತ್ತರಿಸ್ಬೇಕು!" ಎಂದೆ.

ಕುರ್ಚಿಯಲ್ಲಿ ಕೂತು ಗಾಡಿಯೊಳಗೆ ಬಾಗಿದರೆ ಇವರಿಗೆ ಕೈ ಮೊಳಕೈವರೆಗೆ ಮಾತ್ರ ಎಟುಕುತ್ತದೆ. ಉಳಿದ ಕೈ ನನ್ನದು. ಹನ್ನೆರಡರ ಸ್ಪ್ಯಾನರ್ ಕೊಡು, ಅದಲ್ಲ, ಅದರ ಅಣ್ಣ. ಟಾರ್ಚ್ ಹಿಡಿ, ನನ್ನ ಕಣ್ಣಿಗಲ್ಲ, ಬೋಲ್ಟಿಗೆ. ಒಬ್ಬ ಮೆಕ್ಯಾನಿಕ್ಕನ್ನು ಕರೆಯೋಣ ಎಂದರೆ ಮತ್ತೆ ಮುಖ ಕಲ್ಲು. ಮಗಳು ಯೂನಿವರ್ಸಿಟಿಯಿಂದ ಬಂದು ಗರಾಜಿನ ಬಾಗಿಲಲ್ಲಿ ನಿಂತು, "ಅಮ್ಮಾ, ಜಸ್ಟ್ ಲೆಟ್ ಹಿಮ್. ಹೀ ಈಸ್ ಹ್ಯಾಪಿ" ಎಂದಳು. ಅಪ್ಪ ಸಂತೋಷವಾಗಿದ್ದಾರೆ, ಒಪ್ಪಿದೆ. ಉಗುರಲ್ಲಿ ಗ್ರೀಸ್ ಸೇರಿಸಿಕೊಂಡು ಲೈಬ್ರರಿಗೆ ಹೋಗುವವಳು ಯಾರು? ನನ್ನ ಕೈ ನೋಡಿ ಒಂದು ಮಗು ಪುಸ್ತಕವನ್ನು ವಾಪಸು ತೆಗೆದುಕೊಂಡಿತ್ತು.

ಅಂತೂ ಒಂದು ಚಳಿಯ ಮುಂಜಾನೆ ಎಂಜಿನ್ ಶುರುವಾಯಿತು. ಇಡೀ ಬೀದಿ ಎದ್ದಿತು. ಡ್ರೈವ್‌ವೇನಲ್ಲಿ ಗಾಡಿ ಹೋರಿಯ ಹಾಗೆ ಮುಂದೆ ನುಗ್ಗಿತು. ಇವರು ಮಗುವಿನಂತೆ ನಕ್ಕರು. ಶನಿವಾರ ಬಾಡಿಗೆಯ ಟ್ರೇಲರ್‌ನಲ್ಲಿ ಅದನ್ನು ಊರಿನ ಈ ತುದಿಯಿಂದ ಆ ತುದಿಗೆ ಎಳೆದುಕೊಂಡು ಹೋದೆವು. ನೀರಿಗೆ ಇಳಿಯಿತು. ಹೊಂಡವನ್ನು ಎರಡು ಸುತ್ತು ಹಾಕಿತು. ದಡಕ್ಕೆ ಬಂತು, ಏರಿತು, ಅರ್ಧ ಏರಿತು... ಆಮೇಲೆ ಎಂಜಿನ್ ಕಿರುಚತೊಡಗಿತು, ಚಕ್ರಗಳು ನಿಂತವು. ಈ ಸಲ ಎಂಜಿನ್ ಆರಿಹೋಗಲಿಲ್ಲ. ಶಕ್ತಿಯೆಲ್ಲ ಇದ್ದೂ ಚಕ್ರಕ್ಕೆ ತಲುಪುತ್ತಿಲ್ಲ. ಗಾಡಿ ನಾಚಿಕೆಯಿಲ್ಲದೆ ಹಿಂದಕ್ಕೆ ಜಾರಿತು. "ಬೇಜಾರು ಮಾಡ್ಬೇಡಿ, ಒಮ್ಮೆ ನೂಕುವ, ಆಮೇಲೆ ನೋಡುವ" ಎಂದು ಸ್ನೇಹಿತರು ಪ್ಯಾಂಟು ಮಡಚಿದರು. ತಳ್ಳಿದೆವು.

ಕ್ಲಚ್ಚು ಜಾರುತ್ತಿದೆ ಎಂದು ಇವರು. ಸ್ಪ್ರಿಂಗು ಹೊಂದಿಲ್ಲ ಎಂದು ಅಣ್ಣ. ಬೇರೆ ಸ್ಪ್ರಿಂಗು ತರಿಸಿ, ತಟ್ಟೆ ಬಿಚ್ಚದೆ ಮುಂದಿನಿಂದಲೇ ಹಾಕಿದ್ದಾಯಿತು. ಗರಾಜಿನಲ್ಲಿ ನೋಡಿದರೆ ಚಿನ್ನದಂಥ ಹಿಡಿತ; ವೆರಿಬೀಗೆ ಹೋಗಿ ಸ್ವಲ್ಪ ಹೊತ್ತು ಓಡಿಸಿದರೆ ಮತ್ತೆ ಜಾರುತ್ತದೆ. ಇನ್ನೂ ಗಟ್ಟಿ ಸ್ಪ್ರಿಂಗು. ತಟ್ಟೆಗಳನ್ನು ಅದುಮುವ ಒಳಗಿನ ತೂಕಗಳನ್ನು ಬದಲಿಸಿದ್ದಾಯಿತು. ಪ್ರತಿ ಶನಿವಾರ ಟ್ರೇಲರ್, ಸೇತುವೆ, ಕೆಸರು, ತಳ್ಳುವುದು. "ತಟ್ಟೆ ಒಂದ್ಸಲ ಬಿಚ್ಚಿ ಕ್ಲೀನ್ ಮಾಡಿದ್ರೆ?" ಎಂದು ನಾನೇ ಒಮ್ಮೆ ಕೇಳಿದ್ದುಂಟು. "ಅಣ್ಣ ಮಾಡಿದಾನೆ" ಎಂದರು. ಅಲ್ಲಿಗೆ ಮುಗಿಯಿತು. ಪರದೆಯ ಮೇಲೆ ಭಾವ, "ನಾನು ಮೊದ್ಲೇ ಹೇಳಿದ್ದೆ, ನಿನ್ನ ಅಲೈನ್‌ಮೆಂಟೇ ಸರಿ ಇಲ್ಲ" ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನಗೆ ಆ ಫೋನನ್ನು ಹೊಂಡಕ್ಕೆ ಎಸೆದುಬಿಡೋಣ ಅನ್ನಿಸಿತ್ತು.

ಡಿಸೆಂಬರಿನ ಒಂದು ಶನಿವಾರ ಕೆಟ್ಟದ್ದಾಯಿತು. ಸ್ನೇಹಿತರ ಮನೆಗೆ ಕ್ರಿಸ್ಮಸ್ ಎಂದು ನೆಂಟರು ಬಂದಿದ್ದರು. ಗಾಡಿ ನೀರಲ್ಲಿ ಓಡುವುದನ್ನು ನೋಡಲು ಎಲ್ಲರೂ ಕುರ್ಚಿ ಹಾಕಿಕೊಂಡು ಕೂತಿದ್ದರು. ದಡದಲ್ಲಿ ಅದು ಜಾರಿದ್ದೇ ತಡ, ಒಳ್ಳೆಯ ಮನಸ್ಸಿನ ಜನ, ಎಲ್ಲರೂ ಓಡಿಬಂದರು. ಒಬ್ಬರು "ಐಲಸಾ" ಎಂದರು. ಇನ್ನೊಬ್ಬರು ನಗುತ್ತ ವಿಡಿಯೊ ಮಾಡಿದರು. ಅಷ್ಟು ಜನ ಹಿಡಿದು ಎತ್ತಿಯೇ ಬಿಟ್ಟರು, ಪಲ್ಲಕ್ಕಿಯ ಹಾಗೆ. ಮೇಲೆ ಬಂದ ಮೇಲೆ ಚಪ್ಪಾಳೆ. ಇವರು ಎಲ್ಲರಿಗೂ ಥ್ಯಾಂಕ್ಸ್ ಹೇಳಿದರು. ಕಾರಿನಲ್ಲಿ ಕೂತ ಮೇಲೆ ಮೆಲ್ಲಗೆ ಅಂದರು: "ಸಾಕು. ಮಾರಿಬಿಡು ಅದನ್ನ."

ನಾನು ಬಯಸುತ್ತಿದ್ದುದು ಅದನ್ನೇ ಅಲ್ಲವೇ? ಗರಾಜು ಸಿಗುತ್ತದೆ, ಶನಿವಾರ ಸಿಗುತ್ತದೆ. ಆದರೆ ಆ ಮಾತು ಕೇಳಿ ನನಗೆ ಬಂದದ್ದು ಸಿಟ್ಟು, ಅಷ್ಟಿಷ್ಟಲ್ಲ. ನನ್ನ ಟ್ರೇ ಕತ್ತರಿಸಿ, ನನ್ನ ಬೆನ್ನು ಮುರಿಸಿ, ಈಗ ಸಾಕಂತೆ! "ನೀವೇ ಮಾರಿ. ನನ್ನ ಕೈಲಿ ಆಗಲ್ಲ" ಎಂದೆ. ಇವರು ಆಮೇಲಿನ ದಿನಗಳಲ್ಲಿ ಗರಾಜಿನ ಕಡೆ ತಲೆ ಹಾಕಲಿಲ್ಲ, ಅಣ್ಣನ ಫೋನು ಎತ್ತಲಿಲ್ಲ, ಕಿಟಕಿಯ ಹತ್ತಿರ ಕೂತು ರಸ್ತೆ ನೋಡಿದರು. ಕುರ್ಚಿಯನ್ನು ನಾನು ತಳ್ಳಿದರೂ ಬೇಡ ಎನ್ನಲಿಲ್ಲ. ಅದನ್ನು ಕಂಡು ನನಗೆ ಹೆದರಿಕೆಯಾಯಿತು.

ಮಗಳು ಜಾಹೀರಾತು ಹಾಕಿದಳು. ಜನವರಿಯ ಒಂದು ಸುಡುಬಿಸಿಲಿನ ಮಧ್ಯಾಹ್ನ ನೋಡಲು ಒಬ್ಬ ಬಂದ, ಪೂರ್ವದ ಬೆಟ್ಟಗಳ ಕಡೆಯ ರೈತ. ಇವರು ಹೊರಗೆ ಬರಲೇ ಇಲ್ಲ. ಗರಾಜು ಒಲೆಯ ಹಾಗೆ ಕಾದಿತ್ತು. ಚಕ್ರಗಳು ನೆಲಕ್ಕೆ ತಾಗದಂತೆ ಗಾಡಿಯನ್ನು ದಿಮ್ಮಿಗಳ ಮೇಲೆ ನಿಲ್ಲಿಸಿತ್ತು; ಎಂಜಿನ್ ಶುರುಮಾಡಿ ತೋರಿಸಿದೆ. ಒಂದಿಷ್ಟು ಹೊತ್ತು ಓಡಿಸಿ ನಿಲ್ಲಿಸಿದ ಮೇಲೆ ಅವನು ಕ್ಲಚ್ಚಿನ ಮುಚ್ಚಳ ತೆಗೆಯಲು ಹೇಳಿದ. ತೆಗೆದೆವು. ಅವನು ತಟ್ಟೆಯ ಮೇಲೆ ಬೆರಳಾಡಿಸಿ, ಹುಬ್ಬು ಗಂಟಿಕ್ಕಿ, "ಆಯಿಲ್ ಲೀಕ್ ಇದೆಯಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿ ಬೆರಳು ತೋರಿಸಿದ. ಬೆರಳು ಮಿರಮಿರ ಮಿನುಗುತ್ತಿತ್ತು. ಅಷ್ಟು ಹೊತ್ತಿಗೆ ಮೂಗಿಗೆ ಬಂತು ವಾಸನೆ. ಪೆಟ್ರೋಲಿನದಲ್ಲ, ಎಂಜಿನ್ ಆಯಿಲ್ಲಿನದಲ್ಲ. ಭಾನುವಾರ ಬೆಳಗ್ಗೆ ತಲೆಗೆ ತಟ್ಟಿಸಿಕೊಂಡು ಬಚ್ಚಲ ಒಲೆಯ ಮುಂದೆ ಕೂತ ವಾಸನೆ. ಅಪ್ಪಟ ಕೊಬ್ಬರಿ ಎಣ್ಣೆ!

ನಾನು ಆ ರೈತನ ಮುಖ ನೋಡಿದೆ. "ಸಾರಿ. ನಾಟ್ ಫಾರ್ ಸೇಲ್" ಎಂದೆ. ಅವನು ಪಾಪ, ಬಂದ ದಾರಿಗೆ ಸುಂಕವಿಲ್ಲವೆಂಬಂತೆ ಹೋದ. ನಾನೂ ತಟ್ಟೆ ಮುಟ್ಟಿ, ಒಳಗೆ ಓಡಿ, ಎಣ್ಣೆಯಾದ ಬೆರಳನ್ನು ಇವರ ಮೂಗಿನ ಕೆಳಗೆ ಹಿಡಿದೆ. ಇವರು ಮೂಸಿದರು. ಇನ್ನೊಮ್ಮೆ ಮೂಸಿದರು. "ಎಲ್ಲಿಂದ?" ಎಂದರು. "ನಿಮ್ಮ ಕ್ಲಚ್ಚಿಂದ!" ಎಂದೆ. ಇವರು ತಾವೇ ಚಕ್ರ ತಿರುಗಿಸಿಕೊಂಡು ಬಾಣದ ಹಾಗೆ ಗರಾಜಿಗೆ ಹೋದರು.

ಚಳಿಯಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ, ಇಲ್ಲಿ ಬಾಟಲಿಯಿಂದ ಚಮಚದಲ್ಲಿ ಕೆರೆದು ತೆಗೆಯುತ್ತೇವೆ. ಮೆಲ್ಬೋರ್ನಿನ ಮುಂಜಾವಿನಲ್ಲಿ ಕ್ಲಚ್ಚಿನ ಮೇಲೆ ಅದು ಮೇಣದ ತೆಳು ಪದರವಾಗಿ ಕೂತಿತ್ತು, ಬೆಲ್ಟಿಗೆ ಹಿಡಿತವಿತ್ತು. ಓಡಿ ಓಡಿ ಬಿಸಿಯಾದಂತೆ ಕರಗಿ, ಒಳಗಿನಿಂದ ಒಸರಿ, ತಟ್ಟೆಗೆಲ್ಲ ಹರಡುತ್ತಿತ್ತು. ಒಣಗಿರಲೇಬೇಕಾದ ಜಾಗ ಅದು. ದಡ ಹತ್ತುವ ಹೊತ್ತಿಗೆ ಸರಿಯಾಗಿ ಬೆಲ್ಟು ಜಾರುತ್ತಿತ್ತು. ಸ್ಪ್ರಿಂಗು ಪಾಪ ಏನು ಮಾಡೀತು?

ಸಿಡ್ನಿಗೆ ಫೋನು ಹೋಯಿತು. ಪರದೆಯ ಮೇಲೆ ಮೂಗು ಬಂತು.

"ಅಣ್ಣ, ಕ್ಲಚ್ ತಟ್ಟೇನ ಏನ್ ಹಾಕಿ ಒರೆಸಿದೆ?"

"ಆಯುಧಪೂಜೆ ದಿನ ಕಣೋ. ಮನೇಲಿರೋ ಕಬ್ಬಿಣ ಎಲ್ಲಾ ತೊಳೆದು ಎಣ್ಣೆ ಸವರಿದೆ. ಸುತ್ತಿಗೆ, ಈಳಿಗೆಮಣೆ, ಅದೂ. ಅಪ್ಪ ಮಾಡ್ತಿರ್ಲಿಲ್ವಾ? ಕಬ್ಬಿಣ ಒಣಗಿರಬಾರ್ದು ಅಂತ. ಒಳಗೆ ಷಾಫ್ಟಿಗೂ ಧಾರಾಳವಾಗಿ ಹಾಕಿದೀನಿ, ತುಕ್ಕು ಹಿಡೀಬಾರ್ದಲ್ಲ."

"ಯಾವ ಎಣ್ಣೆ?"

ಭಾವ ಮೂವತ್ತು ವರ್ಷ ಹುಡುಗರಿಗೆ ಕ್ಲಚ್ಚಿನ ಪಾಠ ಹೇಳಿದ ಮನುಷ್ಯ. ಅವರ ಮುಖದ ಮೇಲೆ ವಿಷಯ ನಿಧಾನವಾಗಿ ಇಳಿಯುವುದನ್ನು ನಾನು ನೋಡಿದೆ. ಹಿಂದಿನಿಂದ ಓರಗಿತ್ತಿಯ ದನಿ ಬಂತು: "ನಾನ್ ಹೇಳ್ದೆ, ಕುಂಕುಮ ಇಟ್ಟು ಕೈಮುಗೀರಿ ಸಾಕು ಅಂತ. ಕೇಳಿದ್ರಾ?"

"ಪೂಜೆ ಅಲ್ಲ ಅದು, ಮೇಂಟೆನೆನ್ಸ್" ಎಂದರು ಭಾವ, ಸಣ್ಣ ದನಿಯಲ್ಲಿ.

"ಮೇಂಟೆನೆನ್ಸ್ ಅಂತೆ! ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತು ನಮ್ಮ ಪಾಡು" ಎಂದು ನಾನು ಬಾಯಿಬಿಟ್ಟೆ. ಅಷ್ಟು ದಿನದ ಕೆಸರು, ಟ್ರೇಲರ್, ಟ್ರೇ, ಎಲ್ಲವನ್ನೂ ಹೊರಗೆ ಹಾಕಿದೆ. ಭಾವನೊಡನೆ ಹಾಗೆ ಮಾತಾಡಬಾರದು, ಗೊತ್ತು. ಮಾತಾಡಿದೆ, ಹಗುರಾಯಿತು. ನಡುವೆ ಏನೋ ಸದ್ದು ಕೇಳಿ ತಿರುಗಿ ನೋಡಿದರೆ ಇವರು ಕುರ್ಚಿಯಲ್ಲಿ ಬಾಗಿ ಬಾಗಿ ನಗುತ್ತಿದ್ದರು, ಕಣ್ಣಲ್ಲಿ ನೀರು ಬರುವಷ್ಟು. ಅಣ್ಣನೂ ಶುರುಮಾಡಿದರು. ಇಬ್ಬರೂ ಹಾಗೆ ಒಟ್ಟಿಗೆ ನಕ್ಕದ್ದನ್ನು ನಾನು ಮದುವೆಯಾಗಿ ಬಂದ ಮೇಲೆ ಕಂಡಿರಲಿಲ್ಲ. ನನಗೆ ಮಾತ್ರ ನಗು ಬರಲಿಲ್ಲ, ಇನ್ನೂ ಬೈಯುವುದು ಬಾಕಿಯಿತ್ತು.

ಈ ಸಲ ಇವರು ಅಣ್ಣನ ಮಾತು ಕೇಳಲಿಲ್ಲ. ಕ್ಲಚ್ಚನ್ನು ಚೂರುಚೂರಾಗಿ ಬಿಚ್ಚಿ, ಎಣ್ಣೆ ತೆಗೆಯುವ ದ್ರಾವಣದಲ್ಲಿ ತೊಳೆದು, ತಟ್ಟೆಗಳನ್ನು ಉಜ್ಜುಕಾಗದದಿಂದ ಉಜ್ಜಿ, ಎಣ್ಣೆ ಕುಡಿದ ಬೆಲ್ಟನ್ನು ಎಸೆದು ಹೊಸದನ್ನು ಹಾಕಿದರು. ಮೊದಲಿನ ಸ್ಪ್ರಿಂಗನ್ನೇ ಮತ್ತೆ ಕೂರಿಸಿದರು. ಭಾವ ಯಾರೂ ಕರೆಯದೆ ಸಿಡ್ನಿಯಿಂದ ವಿಮಾನ ಹತ್ತಿ ಬಂದರು. ಬಂದವರು ಗಾಡಿಯ ಹತ್ತಿರ ಹೋಗಿ, ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತು ನೋಡಿದರು.

ಶನಿವಾರ ವೆರಿಬೀಗೆ ಹೋದೆವು. ನೆಂಟರಿಲ್ಲ, ಕುರ್ಚಿಗಳಿಲ್ಲ. ದಡದ ಮೇಲೆ ನಾವು ಮೂವರು, ನಾನು, ಭಾವ, ಸ್ನೇಹಿತರು. ಇವರು ನೀರಿಗಿಳಿದು ಸುತ್ತು ಹಾಕತೊಡಗಿದರು. ಬೇಕೆಂದೇ ಬಹಳ ಹೊತ್ತು ಸುತ್ತಿದರು, ಎಂಜಿನ್ ಚೆನ್ನಾಗಿ ಕಾಯಲಿ ಎಂದು. ಆಮೇಲೆ ದಡದ ಕಡೆ ತಿರುಗಿದರು. ಸ್ನೇಹಿತರು ಅಭ್ಯಾಸಬಲದಿಂದ ಪ್ಯಾಂಟು ಮಡಚತೊಡಗಿದರು. ನಾನು ಅವರ ತೋಳು ಹಿಡಿದು ನಿಲ್ಲಿಸಿದೆ. ಮುಂದಿನ ಚಕ್ರ ಮಣ್ಣು ಕಚ್ಚಿತು, ನಡುವಿನ ಚಕ್ರ ಕಚ್ಚಿತು, ಎಂಜಿನ್ನಿನ ದನಿ ಗಡುಸಾಯಿತು. ಅರ್ಧ ಏರು. ಪ್ರತಿ ಸಲ ಜಾರುತ್ತಿದ್ದ ಜಾಗ. ಗಾಡಿ ಒಮ್ಮೆ ನಡುಗಿತು, ಹಿಡಿಯಿತು, ನೀರು ಸುರಿಸುತ್ತ ನಮ್ಮ ಮುಂದೆಯೇ ದಡದ ಮೇಲೆ ಬಂದು ನಿಂತಿತು.

"ಭಾರೀ ಉಂಟು ಮಾರಾಯ್ರೆ!" ಎಂದು ಸ್ನೇಹಿತರು ಕೂಗಿದರು. ಭಾವ ಕನ್ನಡಕ ತೆಗೆದು ಒರೆಸಿಕೊಂಡರು. ಇವರು ನಮ್ಮ ಮೂವರನ್ನೂ ಒಮ್ಮೆ ನೋಡಿದರು, ಹ್ಯಾಂಡಲ್ ಎಳೆದರು, ಗಾಡಿಯನ್ನು ತಿರುಗಿಸಿ ಮತ್ತೆ ನೀರಿಗೆ ಇಳಿಸಿದರು. ನೇರ ಆಚೆ ದಡಕ್ಕೆ ಹೋಗಿ, ಅದನ್ನೂ ಹತ್ತಿ, ಕುರಿಗಳನ್ನು ಚೆದುರಿಸಿಕೊಂಡು ನೀಲಗಿರಿ ಮರಗಳ ಹಿಂದೆ ಹೋದರು. ಎಂಜಿನ್ ಸದ್ದು ನಿಂತಿತು.

ಕಾಲು ಸೆಟೆದುಕೊಂಡಿತೇ? ಮಗುಚಿತೇ? ಫೋನು ಮಾಡಿದೆ. ರಿಂಗಾಯಿತು, ಕತ್ತರಿಸಿದರು. ಮತ್ತೆ ಮಾಡಿದೆ, ಮತ್ತೆ ಕತ್ತರಿಸಿದರು. ಆಮೇಲೆ ಒಂದು ಮೆಸೇಜು ಬಂತು: "ಚೆನ್ನಾಗಿದೀನಿ. ಸ್ವಲ್ಪ ಹೊತ್ತು ಒಬ್ನೇ ಇರ್ತೀನಿ. ನೀನು ಹೋಗಿ ಟೀ ಕುಡಿ."

ಟೀ ಕುಡಿಯಬೇಕಂತೆ! ಇಷ್ಟು ತಿಂಗಳು ಕೆಸರು ಮೆತ್ತಿಕೊಂಡವಳಿಗೆ ಒಂದು ಮಾತಿಲ್ಲ, ಕತೆಯಿಲ್ಲ. ಸಿಟ್ಟೂ ಬಂತು, ಅಳುವೂ ಬಂತು, ಎರಡನ್ನೂ ತಡೆಯಲಿಲ್ಲ. ಭಾವ, "ನಾನು ಹೋಗಿ ನೋಡ್ಕೊಂಡ್ ಬರ್ತೀನಮ್ಮ" ಎಂದು ಹೊರಟರು. "ಯಾರೂ ಹೋಗ್ಬೇಡಿ" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

ಸ್ನೇಹಿತರ ಮನೆಯ ವೆರಾಂಡಾದಿಂದ ಮರಗಳು ಮಾತ್ರ ಕಾಣುತ್ತವೆ, ಅವುಗಳ ಹಿಂದೆ ಏನಿದೆ ಎಂದು ಕಾಣುವುದಿಲ್ಲ. ಇವರು ಏನು ಮಾಡುತ್ತಿದ್ದಾರೆ, ಏನು ಬೇಕಾಗಿದೆ, ಎದ್ದು ಹೋಗಬೇಕೇ ಬೇಡವೇ, ನನಗೆ ಒಂದೂ ಗೊತ್ತಿರಲಿಲ್ಲ. ಇವರು ಬಿದ್ದ ಮೇಲಿನ ಇಷ್ಟು ವರ್ಷಗಳಲ್ಲಿ ಅದೇ ಮೊದಲು. ನಾನು ಕುರ್ಚಿ ಎಳೆದುಕೊಂಡು ಕೂತು ಟೀ ಕುಡಿದೆ. ಇನ್ನೊಂದು ಲೋಟ ಬೇಕು ಎಂದು ಕೇಳಿ ಹಾಕಿಸಿಕೊಂಡು ಅದನ್ನೂ ಕುಡಿದೆ.